ಪಟೇಲರ ನಾಲಗೆಯ ಸ್ಥಳತನಿಖೆ

ಎಂಟು ದಿನ. ಬರೇ ಎಂಟು ದಿನದೊಳಗೆ ಅಪರಾಧಿಯನ್ನು ಹಿಡಿದು ಜಗಲಿಯ ಕಂಬಕ್ಕೆ ಒರಗಿಸಿ ನಿಲ್ಲಿಸದಿದ್ದರೆ ತನ್ನ ಹೆಸರು ಪಟೇಲ ಪದ್ಮಯ್ಯ ಗೌಡನೇ ಅಲ್ಲ ಎಂದು ಪದ್ಮಯ್ಯ ಗೌಡರು ಶಪಥ ಮಾಡಿದ್ದು ಚೀನಾ ಯುದ್ಧಕ್ಕೆ ಹಿಂದಿನ ವರ್ಷ, ಒಂದು ಗುರುವಾರ ಬೆಳಿಗ್ಗೆ, ಹಲ್ಲುಜ್ಜಿ ಮುಗಿದ ಕೂಡಲೇ. ಆ ಭೀಷಣ ಪ್ರತಿಜ್ಞೆಗೆ ಸಾಕ್ಷಿಯಾಗಿ ಅಲ್ಲಿದ್ದದ್ದು ಬಚ್ಚಲಿನ ಹಂಡೆ, ಮತ್ತು ಹಂಡೆಯಷ್ಟೇ ಮೌನವಾಗಿ ನಿಂತಿದ್ದ ಅವರ ಹೆಂಡತಿ ಶೀಲಾವತಿ.

ಅಪರಾಧ ಇಷ್ಟೇ: ಪಟೇಲರ ಬಾಯಿ ಉರಿಯುತ್ತಿತ್ತು.

ಕುದಿಯುವ ಕಾಫಿಯನ್ನು ಅವಸರದಲ್ಲಿ ಎತ್ತಿ ನಾಲಗೆ ಸುಟ್ಟುಕೊಂಡರೆ ಹೇಗಾಗುತ್ತದೋ ಹಾಗೆ. ಆದರೆ ಕಾಫಿಯ ಸುಟ್ಟ ಗಾಯಕ್ಕೆ ಒಂದು ಮರ್ಯಾದೆ ಉಂಟು, ಮರುದಿನಕ್ಕೆ ಅದು ಹೊರಟುಹೋಗುತ್ತದೆ. ಇದು ಹದಿನೈದು ದಿನದಿಂದ ಬಿಡಾರ ಹೂಡಿತ್ತು. ಬೆಳಿಗ್ಗೆ ಎದ್ದಾಗ ಬಲು ಸಾಧು. ಸೂರ್ಯ ಏರಿದ ಹಾಗೆ ತಾನೂ ಏರಿ, ನಾಲಗೆಯ ತುದಿಯಿಂದ ಅಂಗುಳಕ್ಕೆ, ಅಲ್ಲಿಂದ ತುಟಿಯ ಒಳಬದಿಗೆ ಗಡಿ ಒತ್ತುವರಿ ಮಾಡಿಕೊಂಡು, ಸಂಜೆಯ ಹೊತ್ತಿಗೆ ಇಡೀ ಬಾಯಿಯನ್ನು ತನ್ನ ಹೆಸರಿಗೆ ಪಟ್ಟಾ ಮಾಡಿಸಿಕೊಳ್ಳುತ್ತಿತ್ತು. ಒತ್ತುವರಿಯೆಂದರೆ ಪಟೇಲರಿಗೆ ಸಿಟ್ಟು. ಅದೂ ಸ್ವಂತ ಬಾಯಿಯಲ್ಲಿ!

ಜಾಲ್ಸೂರಿನ ಹತ್ತಿರದ ಆ ಗ್ರಾಮದಲ್ಲಿ ಬೇಲಿ ಜಗಳ, ಕೋಳಿ ಕಳವು, ದನ ನುಗ್ಗಿದ ತಕರಾರು ಎಲ್ಲವೂ ಅವರ ಜಗಲಿಗೇ ಬರುತ್ತಿದ್ದವು. ಬಂದ ಎಲ್ಲ ದೂರುಗಳಿಗೂ ಅವರಲ್ಲಿ ಒಂದೇ ತಕ್ಕಡಿ. "ಎಲ್ಲಿ, ಗುರುತು ತೋರಿಸು" ಎನ್ನುತ್ತಿದ್ದರು. ಪೆಟ್ಟು ತಿಂದವನಿಗೆ ಬಾಸುಂಡೆ ಬೇಕು, ಕಳವಾದ ಕೋಳಿಗೆ ಪುಕ್ಕ ಬೇಕು. ಗುರುತಿಲ್ಲದ ನೋವಿಗೆ ದಾವೆ ಇಲ್ಲ! ಈ ಸೂತ್ರ ಅವರ ಬಾಯಿಯಿಂದ ಎಷ್ಟು ಸಲ ಹೊರಟಿತ್ತೆಂದರೆ, ಆ ಬಾಯಿ ಉರಿಯತೊಡಗಿದ್ದು ಸವೆದೇ ಇರಬೇಕೆಂದು ಊರಿನ ಕೆಲವರು ಆಮೇಲೆ ಆಡಿಕೊಂಡರು.

ಆತುರಕ್ಕೆ ಕಾರಣವಿತ್ತು. ಬರುವ ಶುಕ್ರವಾರ ಮಗಳು ಕುಮುದಿನಿಯ ವೀಳ್ಯಶಾಸ್ತ್ರ. ಹುಡುಗ ಕಾಣಿಯೂರಿನವನು, ಶಾಲೆಯಲ್ಲಿ ಮೇಷ್ಟ್ರು. ತಂದೆ ಇಲ್ಲದ ಹುಡುಗನಾದ್ದರಿಂದ ಆ ಕಡೆಯ ಯಜಮಾನಿಕೆ ಅವನ ಸೋದರಮಾವ ಕುಕ್ಕಪ್ಪ ಗೌಡರದ್ದು. ಈ ಕುಕ್ಕಪ್ಪ ಗೌಡರು ಐದು ವರ್ಷದ ಹಿಂದೆ ಜಾಲ್ಸೂರಿಗೆ ನೆಂಟರ ಮನೆಗೆ ಬಂದಿದ್ದಾಗ ಯಾರದೋ ಹೋರಿ ಹಾಯ್ದು ಸೊಂಟ ಹಿಡಿದುಕೊಂಡು ಪಟೇಲರ ಜಗಲಿಗೆ ಬಂದಿದ್ದರು. ಪಟೇಲರು ಕನ್ನಡಕ ಹಾಕಿಕೊಂಡು ಸೊಂಟವನ್ನು ಆ ಕಡೆ ಈ ಕಡೆ ನೋಡಿ, ಗುರುತಿಲ್ಲದ ನೋವಿಗೆ ದಾವೆ ಇಲ್ಲವೆಂದು ಕಳುಹಿಸಿಬಿಟ್ಟಿದ್ದರು. ಅಂಥ ಮನುಷ್ಯ ಈಗ ಸಂಬಂಧಕ್ಕೆ ಒಪ್ಪಿದ್ದೇ ಅವರ ತಂಗಿ ಪ್ರೇಮಾವತಿಗೆ, ಎಂದರೆ ಹುಡುಗನ ತಾಯಿಗೆ, ಕುಮುದಿನಿ ಬಹಳ ಮೆಚ್ಚಿಗೆಯಾದ್ದರಿಂದ. ವೀಳ್ಯ ಬದಲಾಯಿಸಿ, ಎರಡೂ ಕಡೆಯ ಯಜಮಾನರು ಎದುರುಬದುರು ಕೂತು ಜಗಿದು ಬಾಯಿ ಕೆಂಪು ಮಾಡಿಕೊಂಡರೆ ಮಾತು ಗಟ್ಟಿ. ಕೆಂಪಾಗದ ಬಾಯಿಯ ಮಾತಿಗೆ ಹಿರಿಯರ ಕಾಲದಿಂದಲೂ ಬೆಲೆ ಇಲ್ಲ. ಮತ್ತು ಪಟೇಲರ ಬಾಯಿ ಈಗ ಸುಣ್ಣದ ಹೆಸರು ಹೇಳಿದರೆ ಹಾರಿಬೀಳುತ್ತಿತ್ತು.

"ನನಗೂ ಹೀಗೆಯೇ ಅಲ್ವ ಆಗುದು?" ಎಂದರು ಶೀಲಾವತಿ, ಹಂಡೆಯ ಪಕ್ಕದಿಂದ. "ಮೂರು ವರ್ಷ ಆಯ್ತು. ಅದಕ್ಕೆ ಎಂತ ಮಾಡ್ಬೇಕು ಅಂದ್ರೆ..."

"ನಿಂದು ಬೇರೆ" ಎಂದರು ಪಟೇಲರು. "ನಿಂದು ಆವತ್ತೇ ಇತ್ಯರ್ಥ ಆಗಿದೆ. ತನಿಖೆಗೆ ಅಡ್ಡ ಬರ್ಬೇಡ."

ಇತ್ಯರ್ಥ ಆಗಿದ್ದು ನಿಜ. ಮೂರು ವರ್ಷದ ಹಿಂದೆ ಶೀಲಾವತಿ ಬಾಯಿ ಉರಿಯೆಂದು ದೂರು ತಂದಾಗ ಪಟೇಲರು ಟಾರ್ಚು ಬಿಟ್ಟು ನೋಡಿದ್ದರು. ಹುಣ್ಣಿಲ್ಲ, ಬೊಕ್ಕೆಯಿಲ್ಲ, ಕೆಂಪು ಕೂಡ ಇಲ್ಲ. "ಎಂತದೂ ಇಲ್ಲ, ನಿನಗೆ ಮನಸ್ಸಿಗೆ ಆದದ್ದು" ಎಂದು ಟಾರ್ಚು ಆರಿಸಿ ಪೇಪರು ಓದಲು ಕೂತಿದ್ದರು. ಆಮೇಲೆ ಆಕೆ ಆ ಸುದ್ದಿ ಎತ್ತಲಿಲ್ಲ. ಒಂದು ತಾಮ್ರದ ಚೆಂಬಿನಲ್ಲಿ ಮಣ್ಣಿನ ಹೂಜಿಯ ತಣ್ಣೀರು ತುಂಬಿಸಿ ಹೋದಲ್ಲೆಲ್ಲ ಜೊತೆಗೆ ಒಯ್ಯತೊಡಗಿದರು. ಕಾಫಿಯನ್ನು ಆರಿಸಿ ಕುಡಿಯತೊಡಗಿದರು. ಎಲೆಯಡಿಕೆ ಬಿಟ್ಟರು. ತನ್ನ ಪಾಲಿನ ಸಾರಿಗೆ ಮಜ್ಜಿಗೆ ಬೆರೆಸಿಕೊಂಡರು. ಪಟೇಲರು ಇವೆಲ್ಲವನ್ನೂ ಗಮನಿಸದೆ ಬಿಟ್ಟವರಲ್ಲ. ನೀರಿಗೆ ಕಾರಣ ಪಿತ್ತ, ಆರಿದ ಕಾಫಿಗೆ ಕಾರಣ ಉದಾಸೀನ, ಎಲೆಯಡಿಕೆ ಬಿಟ್ಟದ್ದು ಯಾವುದೋ ವ್ರತ ಎಂದು ಪ್ರತಿಯೊಂದಕ್ಕೂ ಒಂದೊಂದು ಷರಾ ಬರೆದು ಮನಸ್ಸಿನಲ್ಲೇ ಕಡತ ಮುಚ್ಚಿದ್ದರು.

ಮೊದಲ ದಾಳಿ ಅಡಿಗೆಮನೆಯ ಮೇಲೆ ನಡೆಯಿತು. ಮೆಣಸಿನ ಡಬ್ಬಿ ಜಪ್ತಿಯಾಯಿತು. ಪಟೇಲರು ಅದಕ್ಕೆ ಅನ್ನದ ಗಂಜಿಯಿಂದ ಒಂದು ಚೀಟಿ ಅಂಟಿಸಿ, ಕೋರ್ಟಿನವರು ಜಪ್ತಿಯಾದ ಸಾಕ್ಷ್ಯಕ್ಕೆ ಬರೆಯುವ ಹಾಗೆ 'ಮುದ್ದೇಮಾಲು ನಂಬ್ರ ಒಂದು' ಎಂದು ಬರೆದು, ಜಗಲಿಯ ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಎರಡು ದಿನ ಇಡೀ ಮನೆ ಮೆಣಸಿಲ್ಲದ ಸಾರು ಉಂಡಿತು. ವೀಳ್ಯಶಾಸ್ತ್ರದ ಏರ್ಪಾಡಿಗೆಂದು ಬಂದಿದ್ದ ಶೀಲಾವತಿಯ ತಮ್ಮ ತೀರ್ಥರಾಮ ಎರಡನೆಯ ಊಟಕ್ಕೆ ಕೂರುವ ಮೊದಲೇ ಸುಳ್ಯದಲ್ಲಿ ಒಂದು ಭಾರೀ ಅರ್ಜೆಂಟು ಕೆಲಸ ನೆನಪು ಮಾಡಿಕೊಂಡು ಹೋಗಿ, ಮೀಸೆಗೆ ಮೀನುಸಾರಿನ ಪರಿಮಳ ಹಚ್ಚಿಕೊಂಡು ಮರಳಿದ. ಉರಿ ಮಾತ್ರ ಒಂದು ಅಂಗುಲವೂ ಹಿಂದೆ ಸರಿಯಲಿಲ್ಲ. ಮೆಣಸು ನಿರಪರಾಧಿ. ಆದರೂ ಬಿಡುಗಡೆ ಇಲ್ಲ, ಮುಂದಿನ ವಿಚಾರಣೆ ಬಾಕಿ ಇತ್ತು.

ಈ ನಡುವೆ ಇನ್ನೊಂದು ಅವಮಾನ. ಉಣ್ಣುತ್ತಿರುವಷ್ಟು ಹೊತ್ತು ಉರಿ ಇರುತ್ತಲೇ ಇರಲಿಲ್ಲ! ಬಾಯಿಯಲ್ಲಿ ತುತ್ತಿದ್ದರೆ ಸ್ವರ್ಗ, ಕೈ ತೊಳೆದರೆ ನರಕ. ಹಾಗಾಗಿ ಪಟೇಲರು ಕೈ ತೊಳೆಯುವುದನ್ನು ಆದಷ್ಟು ಮುಂದೂಡಿದರು. ಶನಿವಾರ ಬೆಳಿಗ್ಗೆ ಹಲಸಿನ ಎಲೆಯಲ್ಲಿ ಬೇಯಿಸಿದ ಕಡುಬು. ತೀರ್ಥರಾಮ ಎದುರು ಕೂತು ಎಣಿಸುತ್ತಿದ್ದ.

"ಭಾವ, ಎಂಟನೇ ಕಡುಬು ಇಳಿಯುವ ತನಕ ಉರಿಯ ಸುದ್ದಿಯೇ ಇರ್ಲಿಲ್ಲ" ಎಂದ ಅವನು. "ಈಗ ಬಂತಾ?"

"ಬಂತು. ನಾನೆಂತ ನಾಟಕ ಮಾಡುದಾ?"

"ನಾನು ಹಾಗೆ ಹೇಳ್ತೇನಾ? ಒಳ್ಳೆ ಸಂಸ್ಕಾರದ ಉರಿ ಅಂತ ಹೇಳಿದ್ದು. ಊಟಕ್ಕೆ ಅಡ್ಡ ಬರುದಿಲ್ಲ."

ಪಟೇಲರು ಸಿಟ್ಟಿನಿಂದ ಒಂಬತ್ತನೆಯದನ್ನು ತೆಗೆದುಕೊಂಡರು.

ಎರಡನೆಯ ಆಪಾದಿತ ಸುಣ್ಣ. ಚಿಪ್ಪಿನ ಸುಣ್ಣ ಮಾರುವ ಕಲಂದರ್ ಬ್ಯಾರಿ ಊರಿಗೆಲ್ಲ ಒಬ್ಬನೇ. ಅವನನ್ನು ಜಗಲಿಗೆ ಕರೆಸಿ, ಸುಣ್ಣದ ಭರಣಿಯನ್ನು ಮುಂದಿಟ್ಟು, ನೀನೇ ನಾಲಗೆಗೆ ಹಚ್ಚಿ ನೋಡೆಂದು ಪಟೇಲರು ಆಜ್ಞೆ ಮಾಡಿದರು. ಕಲಂದರ್ ಬೆರಳ ತುದಿಯಲ್ಲಿ ತೆಗೆದು ಎಲೆಗೆ ಸವರಿ, ಅಡಿಕೆಯ ಜೊತೆ ನಿಧಾನಕ್ಕೆ ಜಗಿದು, ಅಂಗಳದ ಕಡೆ ನೋಡಿ ಬಹಳ ಹೊತ್ತು ಯೋಚಿಸಿದ.

"ಎಂತ ಆಗ್ತದೆ?"

"ಇನ್ನೊಂದು ಹಾಕುವ ಅಂತ ಆಗ್ತದೆ ಪಟೇಲ್ರೆ" ಎಂದ ಕಲಂದರ್. "ಇದೇ ಭರಣಿಯದ್ದು ನಲವತ್ತು ಮನೆಗೆ ಕೊಟ್ಟಿದ್ದೇನೆ. ಸುಣ್ಣದ ತಪ್ಪಾದರೆ ನಲವತ್ತು ಜನ ನನ್ನ ಮನೆ ಮುಂದೆ ಬಾಯಿ ಬಿಟ್ಟು ನಿಲ್ಲಬೇಕಿತ್ತು. ಬಂದದ್ದು ನೀವೊಬ್ಬರೇ."

ತರ್ಕ ಸರಿಯಿತ್ತು. ಆದ್ದರಿಂದಲೇ ಪಟೇಲರಿಗೆ ಇನ್ನಷ್ಟು ಸಿಟ್ಟು ಬಂತು. ಭರಣಿ ಪೆಟ್ಟಿಗೆಯೊಳಗೆ ಹೋಯಿತು. ಹಲ್ಲುಜ್ಜುವ ಉಮಿಕರಿ ಅದರ ಹಿಂದೆಯೇ ಹೋಯಿತು.

ಭಾನುವಾರ ಮಧ್ಯಾಹ್ನ ಪಟೇಲರು ಆರಾಮಕುರ್ಚಿಯಲ್ಲಿ ಒರಗಲು ಬಂದಾಗ ಕುರ್ಚಿಯ ಪಕ್ಕದಲ್ಲಿ ಒಂದು ಹೊಸ ವಸ್ತು ಕಂಡಿತು. ತಾಮ್ರದ ಚೆಂಬು, ಹುಣಿಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯುವಂಥದ್ದು, ತುಂಬ ತಣ್ಣೀರು. ಪಟೇಲರ ಮಿದುಳಿನಲ್ಲಿ ಮಿಂಚು ಹೊಡೆಯಿತು. ತಾಮ್ರ! ತಾಮ್ರಕ್ಕೆ ಕಿಲುಬು ಬರುತ್ತದೆ. ಕಿಲುಬು ವಿಷ. ಮನೆಯೊಳಗೆ ತಾಮ್ರ ಸುತ್ತಾಡುತ್ತಿರುವುದು ಎಷ್ಟು ವರ್ಷದಿಂದ? ಮೂರು ವರ್ಷದಿಂದ! ಚೆಂಬನ್ನು ಎತ್ತಿ, ನೀರನ್ನು ತುಳಸಿಯ ಬುಡಕ್ಕೆ ಸುರಿದು, ಚೀಟಿ ಅಂಟಿಸಿದರು.

ಶೀಲಾವತಿ ಬಾಗಿಲಿಗೆ ಬಂದರು. "ಅದು ನಿಮಗೇ ಇಟ್ಟದ್ದು. ಆಗಾಗ ಒಂದೊಂದು ಗುಟುಕು ಬಾಯಲ್ಲಿ ಇಟ್ಟುಕೊಂಡ್ರೆ..."

"ಮುದ್ದೇಮಾಲು ಮುಟ್ಟಬಾರದು. ತೀರ್ಪು ಆಗುವ ತನಕ ಬಿಡುಗಡೆ ಇಲ್ಲ."

"ಆಯ್ತು" ಎಂದರು ಶೀಲಾವತಿ. ಮೂವತ್ತು ವರ್ಷ ಪಟೇಲರ ಜೊತೆ ಬಾಳಿದವರಿಗೆ ಆ ಒಂದು ಶಬ್ದವನ್ನು ಹಲವು ಬಗೆಯಲ್ಲಿ ಹೇಳಲು ಬರುತ್ತದೆ. ಅಂದಿನದು ಬಾಗಿಲು ಮುಚ್ಚಿದ ಬಗೆ.

ಸೋಮವಾರದಿಂದ ಜಗಲಿಯ ನ್ಯಾಯಕ್ಕೆ ಹೊಸ ಕಾನೂನು ಬಂತು. ಯಾವ ತಕರಾರು ತಂದವನೂ ಮೊದಲು ಪಟೇಲರ ನಾಲಗೆ ನೋಡಿ ಹೇಳಿಕೆ ಕೊಡಬೇಕು. ಬೇಲಿ ಜಗಳದ ವಾದಿ ನೋಡಿದ. ಪ್ರತಿವಾದಿಯೂ ನೋಡಿದ. ಹದಿನಾಲ್ಕು ವರ್ಷ ಯಾವುದರಲ್ಲೂ ಒಮ್ಮತವಾಗದಿದ್ದ ಆ ಇಬ್ಬರು ಇದೊಂದರಲ್ಲಿ ಒಮ್ಮತಕ್ಕೆ ಬಂದರು.

"ಎಂತ ಕಾಣ್ತದೆ?" ಎಂದು ಪಟೇಲರು ನಾಲಗೆ ಒಳಗೆಳೆದುಕೊಂಡು ಕೇಳಿದರು.

"ನಾಲಗೆ ಪಟೇಲ್ರೆ."

"ಅದರ ಮೇಲೆ?"

"ಮೇಲೆ ಎಂತದೂ ಇಲ್ಲ. ಒಳ್ಳೆ ಕರುವಿನ ನಾಲಗೆಯ ಹಾಗೆ ಉಂಟು."

ಪಟೇಲರ ಆಕ್ರೋಶ ನ್ಯಾಯವಾದದ್ದೇ. ಕಾಲು ಮುರಿದವನಿಗೆ ಕಟ್ಟು ಉಂಟು, ಕುರು ಎದ್ದವನಿಗೆ ಕುರು ಉಂಟು, ಜ್ವರ ಬಂದವನ ಹಣೆ ಮುಟ್ಟಿದರೆ ಬಿಸಿಯಾದರೂ ಉಂಟು. ಹಗಲಿಡೀ ಬಾಯಲ್ಲಿ ಕೆಂಡ ಇಟ್ಟುಕೊಂಡವನಿಗೆ ತೋರಿಸಲು ಒಂದು ಗುಳ್ಳೆಯೂ ಇಲ್ಲವೆಂದರೆ ಏನರ್ಥ? ನಾಲಗೆ ಹೀಗೆ ಯಜಮಾನನ ವಿರುದ್ಧವೇ ಸಾಕ್ಷಿ ಹೇಳಬಹುದೇ?

ಆದರೆ ಯಾರೂ ಇಲ್ಲದಾಗ ಅವರು ಕ್ಷೌರದ ಕನ್ನಡಿಯನ್ನು ಬೆಳಕಿಗೆ ಹಿಡಿದು ನೋಡಿಕೊಳ್ಳುತ್ತಿದ್ದ ರೀತಿ ಬೇರೆ. ಆಗ ಅವರ ಮುಖದಲ್ಲಿ ಸಿಟ್ಟು ಇರುತ್ತಿರಲಿಲ್ಲ. ಬೆಳ್ಳಾರೆ ಕಡೆಯ ಅವರ ಹಳೆಯ ಪರಿಚಯದವರೊಬ್ಬರಿಗೆ ಹೊಗೆಸೊಪ್ಪು ಜಗಿದು ಜಗಿದು ಕೆನ್ನೆಯೊಳಗೆ ಗಾಯವಾಗಿ, ಮಂಗಳೂರಿಗೆ ಹೋದವರು ಜೀವಂತ ಮರಳಿರಲಿಲ್ಲ. ಆ ರೋಗದ ಹೆಸರನ್ನು ಪಟೇಲರು ಮನಸ್ಸಿನಲ್ಲಿ ಕೂಡ ಪೂರ್ತಿ ಉಚ್ಚರಿಸಿರಲಿಲ್ಲ. ಕನ್ನಡಿಯನ್ನು ಕೆಳಗಿಡುವಾಗ ಒಮ್ಮೆ ಬಾಗಿಲಲ್ಲಿ ಶೀಲಾವತಿ ನಿಂತದ್ದು ಕಂಡಿತು. ಪಟೇಲರು ಮೀಸೆ ನೋಡಿಕೊಳ್ಳುತ್ತಿದ್ದವರಂತೆ ಮೀಸೆ ತಿರುವಿದರು.

ಶುಕ್ರವಾರ ಬಂತು. ಎಂಟು ದಿನ ಮುಗಿದಿತ್ತು. ಪೆಟ್ಟಿಗೆಯೊಳಗೆ ನಾಲ್ಕು ಮುದ್ದೇಮಾಲು, ಅಪರಾಧಿ ಶೂನ್ಯ.

ಕಾಣಿಯೂರಿನವರು ಹತ್ತೂವರೆಗೆ ಬಂದರು. ಕಾಲಿಗೆ ನೀರು, ಕುಡಿಯಲು ಬೆಲ್ಲ ನೀರು ಆಯಿತು. ಚಾಪೆಯ ಮೇಲೆ ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ ಕೂತರು. ಹರಿವಾಣದಲ್ಲಿ ಎಲೆಯಡಿಕೆ ಬಂತು. ಪಟೇಲರು ಹಿಂದಿನ ದಿನವೇ ಒಂದು ಉಪಾಯ ಹೂಡಿದ್ದರು: ಸುಣ್ಣ ಹಚ್ಚಿದ ಹಾಗೆ ಬೆರಳಾಡಿಸಿ, ಬರೀ ಎಲೆ ಅಡಿಕೆ ಜಗಿದು, ಬಾಯಿ ಮುಚ್ಚಿಕೊಂಡು ಮುಗುಳ್ನಗುವುದು. ಮುಚ್ಚಿದ ಬಾಯಿ ಕೆಂಪೋ ಅಲ್ಲವೋ ಯಾರು ಕಂಡರು?

ಆದರೆ ಕುಕ್ಕಪ್ಪ ಗೌಡರು ಅಂದು ಉದಾರ ಮನಸ್ಸಿನಲ್ಲಿದ್ದರು. ಹಳೆಯದನ್ನೆಲ್ಲ ಮರೆತೆನೆಂದು ತೋರಿಸಲು, ಪಟೇಲರಿಗೆ ತಾನೇ ಕೈಯಾರೆ ವೀಳ್ಯ ಕಟ್ಟಿಕೊಡುವೆನೆಂದರು. ಎರಡು ದೊಡ್ಡ ಎಲೆ ಆರಿಸಿದರು. ತೊಟ್ಟು ಮುರಿದರು. ಸುಣ್ಣದ ಡಬ್ಬಿಯನ್ನು ಸ್ವಂತ ಕಿಸೆಯಿಂದ ತೆಗೆದು, ಗೋಡೆಗೆ ಬಳಿಯುವವರ ಧಾರಾಳದಲ್ಲಿ ಬಳಿದರು. ಮೇಲೆ ಒಂದು ತುಂಡು ಕಡಕ್ ಹೊಗೆಸೊಪ್ಪು. ಮಡಚಿ, ಎರಡೂ ಕೈಯಲ್ಲಿ ಕೊಟ್ಟರು. ಇಡೀ ಚಾವಡಿ ನೋಡುತ್ತಿತ್ತು.

ಪಟೇಲರು ಒಳಬಾಗಿಲ ಕಡೆ ನೋಡಿದರು. ಬಾಗಿಲ ಸಂದಿನಲ್ಲಿ ಕುಮುದಿನಿಯ ಸೀರೆಯ ಸೆರಗು ಕಾಣುತ್ತಿತ್ತು. ಕಣ್ಣು ಮುಚ್ಚಿ ವೀಳ್ಯವನ್ನು ಬಾಯಿಗಿಟ್ಟು ಒಮ್ಮೆ ಜಗಿದರು.

ಎರಡನೆಯ ಸಲ ಜಗಿಯಲಿಲ್ಲ. ಜಗಿಯಲು ಆಗಲಿಲ್ಲ. ಕಣ್ಣಿಂದ ನೀರು, ಮೂಗಿಂದ ನೀರು, ಕಿವಿಯಿಂದ ಬಹುಶಃ ಹೊಗೆ! ಪಟೇಲರು ಎದ್ದರು, ಇಬ್ಬರು ಬೀಗರನ್ನು ದಾಟಿದರು, ಜಗಲಿಯ ಅಂಚಿಗೆ ಹೋಗಿ ಇಡೀ ವೀಳ್ಯವನ್ನು ಅಂಗಳಕ್ಕೆ ಉಗುಳಿದರು. ಅದು ಹೋಗಿ ಬಿದ್ದದ್ದು ಕುಕ್ಕಪ್ಪ ಗೌಡರ ಹೊಸ ಚಪ್ಪಲಿಯ ಮೇಲೆ.

ಕುಕ್ಕಪ್ಪ ಗೌಡರು ನಿಧಾನಕ್ಕೆ ಎದ್ದು ಶಾಲು ಹೆಗಲಿಗೆ ಹಾಕಿಕೊಂಡರು.

"ವೀಳ್ಯ ಉಗುಳಿದ್ದಾ ಪಟೇಲ್ರೆ, ಮಾತು ಉಗುಳಿದ್ದಾ?"

ಪಟೇಲರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ತೊದಲಿದರು. ಅಪಮಾನ ಮಾಡಿದ್ದಲ್ಲ, ಬಾಯಿ ಉರಿ, ಈಗ ಇಪ್ಪತ್ತಮೂರು ದಿನ ಆಯಿತು, ಉಣ್ಣುವಾಗ ಮಾತ್ರ ಇಲ್ಲ ಎಂದೆಲ್ಲ ಹೇಳಿದರು.

"ಎಲ್ಲಿ, ತೋರಿಸಿ" ಎಂದರು ಕುಕ್ಕಪ್ಪ ಗೌಡರು.

ಪಟೇಲರು ನಾಲಗೆ ಚಾಚಿದರು. ಬೀಗರ ಕಡೆಯ ಹಿರಿಯರೊಬ್ಬರು ಕನ್ನಡಕ ಇಳಿಸಿ ನೋಡಿದರು, ಏರಿಸಿ ನೋಡಿದರು. ಸಾಲು ಸಾಲಾಗಿ ಜನ ಬಂದು ದೇವಸ್ಥಾನದ ಗರ್ಭಗುಡಿಗೆ ಇಣುಕುವ ಹಾಗೆ ಇಣುಕಿದರು. ಒಬ್ಬರಿಗೂ ದರ್ಶನ ಸಿಗಲಿಲ್ಲ. ತೀರ್ಥರಾಮ ಸಹಾಯ ಮಾಡುವ ಉತ್ಸಾಹದಲ್ಲಿ, ಭಾವನಿಗೆ ಉರಿ ನಿಜವಾಗಿಯೂ ಉಂಟು, ಮೊನ್ನೆ ಎಂಟು ಕಡುಬು ತಿಂದಾದ ಮೇಲೆ ಕೂಡ ಇತ್ತು ಎಂದು ಸಾಕ್ಷಿ ನುಡಿದು ಇದ್ದ ಮರ್ಯಾದೆಯನ್ನೂ ತೆಗೆದ.

"ಐದು ವರ್ಷದ ಹಿಂದೆ ಇದೇ ಜಗಲಿ" ಎಂದರು ಕುಕ್ಕಪ್ಪ ಗೌಡರು, ಸೊಂಟಕ್ಕೆ ಕೈಯಿಟ್ಟು. "ಇದೇ ಕಂಬದ ಹತ್ತಿರ ನಾನು ನಿಂತದ್ದು. ಗುರುತಿಲ್ಲದ ನೋವಿಗೆ ದಾವೆ ಇಲ್ಲ ಅಂತ ಹೇಳಿದ್ದು ಯಾರು? ಏಳು ಪ್ರೇಮಾ, ಹೋಗುವ."

ಒಳಬಾಗಿಲ ಸಂದಿನಿಂದ ಸೆರಗು ಮರೆಯಾಯಿತು. ಪಟೇಲರ ಬಾಯಿ ಉರಿಯುವುದನ್ನು ಮರೆತುಬಿಟ್ಟಿತು. ಇಡೀ ದೇಹವೇ ಉರಿಯುತ್ತಿರುವಾಗ ನಾಲಗೆಯ ಪಾಲೆಷ್ಟು? ಗ್ರಾಮದ ಎಲ್ಲ ತಕರಾರಿಗೂ ಮಾತು ಹುಟ್ಟುತ್ತಿದ್ದ ಆ ಬಾಯಿಯಲ್ಲಿ, ಸ್ವಂತ ಮಗಳ ಪಾಲಿಗೆ ಒಂದು ಮಾತೂ ಹುಟ್ಟಲಿಲ್ಲ.

ಆಗ ಶೀಲಾವತಿ ಚಾವಡಿಗೆ ಬಂದರು. ಗಂಡಸರ ಮಾತಿನ ನಡುವೆ ಅವರು ಹಾಗೆ ಬಂದದ್ದನ್ನು ಆ ಮನೆಯ ಕಂಬಗಳೂ ಕಂಡಿರಲಿಲ್ಲ.

"ಇವರ ಉರಿ ಸತ್ಯ" ಎಂದರು. "ನಾನು ಸಾಕ್ಷಿ. ಬೆಳಿಗ್ಗೆ ಕಡಿಮೆ, ಸಂಜೆಗೆ ಹೆಚ್ಚು, ಉಣ್ಣುವಾಗ ಇಲ್ಲ. ನೋಡಿದ್ರೆ ಎಂತದೂ ಕಾಣುದಿಲ್ಲ. ನನಗೆ ಮೂರು ವರ್ಷದಿಂದ ಉಂಟು."

ಕಾಣಿಯೂರಿನ ಹೆಂಗಸರ ನಡುವೆ ಹೊರಡಲು ಎದ್ದಿದ್ದ ಪ್ರೇಮಾವತಿ ಅಲ್ಲೇ ನಿಂತರು.

"ಬಾಯಲ್ಲಿ ಒಂದು ಕಹಿ ಕೂಡ ಉಂಟಾ? ನಾಣ್ಯ ನೆಕ್ಕಿದ ಹಾಗೆ?"

"ಉಂಟು. ಮತ್ತೆ ಬಾಯಿ ಒಣಗಿದ ಹಾಗೆ."

"ಅಯ್ಯೋ, ನನಗೆ ಎರಡು ವರ್ಷ ಆಯ್ತು ಮಾರಾಯ್ತಿ" ಎಂದು ಪ್ರೇಮಾವತಿ ಅಲ್ಲೇ ಚಾಪೆಯ ಮೇಲೆ ಕೂತುಬಿಟ್ಟರು. "ಅಣ್ಣನ ಹತ್ತಿರ ಹೇಳಿದೆ. ಎಲ್ಲಿ ತೋರಿಸು ಅಂದ್ರು. ತೋರಿಸಿದೆ. ಎಂತದೂ ಇಲ್ಲ, ಕೆಲಸ ಮಾಡು ಅಂದ್ರು."

"ನಿಂದು ಬೇರೆ" ಎಂದರು ಕುಕ್ಕಪ್ಪ ಗೌಡರು.

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟದಲ್ಲಿ ಎರಡು ಮನೆಗಳ ಐದು ವರ್ಷಗಳ ಉರಿ ಇತ್ತು.

"ಎಂತ ಬೇರೆ ಅಣ್ಣಾ?" ಎಂದರು ಪ್ರೇಮಾವತಿ ಮೆಲ್ಲಗೆ. "ನನ್ನ ಮಗನಿಗೆ ಈ ಮನೆಯ ಹುಡುಗಿಯೇ ಆಗ್ಬೇಕು. ಅತ್ತೆಯ ನೋವು ಗೊತ್ತಿರುವ ಮನೆಯಿಂದ ಸೊಸೆ ಬರುದು ಬೇಡ್ವಾ?"

ಕುಕ್ಕಪ್ಪ ಗೌಡರು ಶಾಲನ್ನು ಹೆಗಲಿಂದ ತೆಗೆದರು. ಆದರೆ ಕೂರಲಿಲ್ಲ. ಅವರಿಗೂ ಒಂದು ಮಾನ ಉಂಟಷ್ಟೆ? "ಹಾಗಾದ್ರೆ ಆ ದಿನದ ನನ್ನ ಸೊಂಟ?" ಎಂದರು.

ಪಟೇಲರು ಸುತ್ತ ನೋಡಿದರು. ಬೇಲಿ ಜಗಳದ ವಾದಿ ಪ್ರತಿವಾದಿ ಇಬ್ಬರೂ ಊಟಕ್ಕೆ ಬಂದು ಅಂಗಳದಲ್ಲೇ ಇದ್ದರು. ಇಪ್ಪತ್ತೆರಡು ವರ್ಷದ ಪಟೇಲಿಕೆಯಲ್ಲಿ ಒಮ್ಮೆ ಕೊಟ್ಟ ತೀರ್ಪನ್ನು ತಿದ್ದಿದ ಚರಿತ್ರೆ ಇರಲಿಲ್ಲ.

"ಸೊಂಟ ನೋವಿತ್ತು" ಎಂದರು ಪಟೇಲರು, ನೆಲ ನೋಡುತ್ತ. "ಗುರುತು ಇರ್ಲಿಲ್ಲ. ನೋವಿತ್ತು."

ಕುಕ್ಕಪ್ಪ ಗೌಡರು ಕೂತರು. ಐದು ವರ್ಷದಲ್ಲಿ ಮೊದಲ ಬಾರಿಗೆ ಅವರ ಸೊಂಟ ಸಲೀಸಾಗಿ ಬಗ್ಗಿತಂತೆ. ಶೀಲಾವತಿ ಸುಣ್ಣವಿಲ್ಲದ, ಹೊಗೆಸೊಪ್ಪಿಲ್ಲದ ಎರಡು ವೀಳ್ಯ ಕಟ್ಟಿಕೊಟ್ಟರು. ಯಾರ ಬಾಯಿಯೂ ಕೆಂಪಾಗಲಿಲ್ಲ. ಕನ್ನಡಕದ ಹಿರಿಯರು, ಮಾತು ಗಟ್ಟಿಯಾಗಲು ಇಷ್ಟು ಸಾಕು, ಅನ್ನ ತಣಿಯುತ್ತ ಉಂಟು ಎಂದು ಅಪ್ಪಣೆ ಕೊಟ್ಟರು.

ಮರುವಾರ ಪುತ್ತೂರಿಗೆ ಹೋದದ್ದು ಮೂರು ಜನ: ಪಟೇಲರು, ಶೀಲಾವತಿ, ಮತ್ತು ಕಾಣಿಯೂರಿನಿಂದ ಬಂದು ಸೇರಿದ ಪ್ರೇಮಾವತಿ. ಅಲ್ಲಿನ ದರ್ಬೆಯಲ್ಲಿ ಡಾಕ್ಟರ್ ಕುರಿಯನ್ ಎಂಬವರು ಆಗಷ್ಟೇ ಹೊಸತಾಗಿ ಕೂತಿದ್ದರು. ಪಟೇಲರು ಮೂರು ಹಾಳೆಯ ಹೇಳಿಕೆ ಬರೆದುಕೊಂಡು ಹೋಗಿದ್ದರು. ಡಾಕ್ಟರರು ಹೇಳಿಕೆಯನ್ನು ಪಕ್ಕಕ್ಕಿಟ್ಟು, ದೀಪ ಹಿಡಿದು, ನಾಲಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು ಅಡಿಯಲ್ಲೂ ಬದಿಯಲ್ಲೂ ನೋಡಿ, ಕೆನ್ನೆಯೊಳಗೆ ಬೆರಳಾಡಿಸಿ, ಕುತ್ತಿಗೆ ಒತ್ತಿ, "ಎಂತದೂ ಇಲ್ಲ" ಎಂದರು.

ಪಟೇಲರು ಕೊಡೆ ಎತ್ತಿಕೊಂಡು ಎದ್ದು ನಿಂತರು. ಇದನ್ನು ಕೇಳಲು ಜಾಲ್ಸೂರಿನಿಂದ ಬಸ್ಸು ಹತ್ತಬೇಕಿತ್ತೇ?

"ಕೂತುಕೊಳ್ಳಿ. ಕಾಣುದಕ್ಕೆ ಎಂತದೂ ಇಲ್ಲ ಅಂದೆ. ಉರಿ ಇಲ್ಲ ಅಂತ ಹೇಳ್ಲಿಲ್ಲ" ಎಂದರು ಡಾಕ್ಟರರು. "ನೀವು ಹೆದರಿಕೊಂಡಿದ್ದೀರಲ್ಲ, ಆ ರೋಗ ಇದಲ್ಲ. ಹೊಗೆಸೊಪ್ಪು ಮಾತ್ರ ಇವತ್ತಿಗೇ ಬಿಡಿ, ಅದು ಬರುದು ಬೇಡ."

ಹೆದರಿಕೊಂಡಿದ್ದೇನೆಂದು ಪಟೇಲರು ಆ ಮೂರು ಹಾಳೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಶೀಲಾವತಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಪಟೇಲರು ಕೂತರು.

ಡಾಕ್ಟರರು ವಿವರಿಸಿದರು. ಮನೆಗೆ ಕಳ್ಳ ಬಂದರೆ ನಾಯಿ ಬೊಗಳುತ್ತದೆ. ಕೆಲವೊಮ್ಮೆ ಕಳ್ಳನೇ ಇಲ್ಲದೆ ಬೊಗಳುತ್ತದೆ. ನಾಲಗೆಯ ನರಗಳೂ ಹಾಗೆ, ಸುಡದೆಯೇ ಸುಟ್ಟಿತೆಂದು ಸುದ್ದಿ ಕಳಿಸುತ್ತವೆ. ನಾಯಿ ಬೊಗಳುವುದು ಸುಳ್ಳಲ್ಲ, ನಿದ್ದೆ ಕೆಡುವುದೂ ಸುಳ್ಳಲ್ಲ, ಕಳ್ಳ ಮಾತ್ರ ಇಲ್ಲ. ರಕ್ತ ಕಡಿಮೆಯಾಗಿ, ವಿಟಮಿನ್ನು ಕಡಿಮೆಯಾಗಿ ಬರುವುದುಂಟು, ಅದಕ್ಕೆ ರಕ್ತ ನೋಡಿ ಗುಳಿಗೆ ಕೊಡುತ್ತೇನೆ. ತಲೆಬಿಸಿಯಾದಾಗ ಹೆಚ್ಚಾಗುತ್ತದೆ. ಹೆಂಗಸರಲ್ಲಿ ಐವತ್ತರ ಆಸುಪಾಸಿನಲ್ಲಿ ಬಹಳ. ಗಂಡಸರಿಗೆ ಅಪರೂಪ.

ಅಪರೂಪ ಎಂದದ್ದಕ್ಕೆ ಪಟೇಲರು ಸ್ವಲ್ಪ ನೆಟ್ಟಗೆ ಕೂತರು. ಎಂಟು ದಿನದಲ್ಲಿ ಗುಣವಾಗುತ್ತದೆಯೇ ಎಂದು ಕೇಳಿದರು.

"ಎಂಟು ದಿನದಲ್ಲಿ ಆಗುದಿಲ್ಲ. ತಿಂಗಳುಗಳೂ ಬೇಕಾಗಬಹುದು, ವರ್ಷವೂ ಆಗಬಹುದು. ಅಷ್ಟರ ತನಕ ಅದನ್ನು ಸುಧಾರಿಸಿಕೊಂಡು ಹೋಗ್ಬೇಕು" ಎಂದು ಡಾಕ್ಟರರು ಬೆರಳು ಮಡಚಿದರು. ಸುಣ್ಣ ಬೇಡ, ಖಾರ ಹುಳಿ ಕಡಿಮೆ. ಕಾಫಿ ಆರಿಸಿ ಕುಡಿಯಿರಿ. ಉಮಿಕರಿಯಲ್ಲಿ ನಾಲಗೆ ತಿಕ್ಕಬೇಡಿ. ಕನ್ನಡಿ ನೋಡುವುದನ್ನು ಬಿಡಿ. "ಮತ್ತೆ ಮುಖ್ಯವಾಗಿ, ಒಂದು ಚೆಂಬಿನಲ್ಲಿ ತಣ್ಣೀರು ಹತ್ತಿರವೇ ಇಟ್ಟುಕೊಳ್ಳಿ. ಆಗಾಗ ಒಂದೊಂದು ಗುಟುಕು."

ಡಾಕ್ಟರರು ಒಂದೊಂದು ಬೆರಳು ಮಡಚಿದಾಗಲೂ ಪಟೇಲರು ಒಂದೊಂದು ಅಂಗುಲ ಕುರ್ಚಿಯೊಳಗೆ ಇಳಿಯುತ್ತಿದ್ದರು. ಪಿತ್ತ, ಉದಾಸೀನ, ವ್ರತ! ಮೂರು ವರ್ಷದಿಂದ ಅವರ ಕಣ್ಣೆದುರೇ ನಡೆದಾಡಿದ್ದ ಚಿಕಿತ್ಸೆಯನ್ನು ಡಾಕ್ಟರರು ಈಗ ಓದಿ ಹೇಳುತ್ತಿದ್ದರು.

ಡಾಕ್ಟರರು ಶೀಲಾವತಿಯ ಕಡೆ ತಿರುಗಿದರು. ಇದನ್ನೆಲ್ಲ ತಾನು ಆಗಲೇ ಮಾಡುತ್ತಿದ್ದೇನೆಂದು ಆಕೆ ಹೇಳಿದಾಗ, ಯಾವ ಡಾಕ್ಟರು ಹೇಳಿಕೊಟ್ಟರೆಂದು ಕೇಳಿದರು. ಯಾರೂ ಇಲ್ಲ, ಒಂದೊ‍ಂದೇ ಬಿಟ್ಟು ನೋಡಿ, ಹಿಡಿದು ನೋಡಿ ಗೊತ್ತು ಮಾಡಿಕೊಂಡದ್ದು ಎಂದರು ಶೀಲಾವತಿ.

"ಹಾಗಾದ್ರೆ ಇವರಿಗೆ ಸಂಶಯ ಬಂದ್ರೆ ಪುತ್ತೂರಿಗೆ ಬರುದು ಬೇಡ" ಎಂದರು ಡಾಕ್ಟರರು, ಪಟೇಲರನ್ನು ತೋರಿಸಿ. "ನಿಮ್ಮ ಹತ್ತಿರವೇ ಕೇಳ್ಲಿ."

ಮನೆ ಮುಟ್ಟುವಾಗ ಸಂಜೆ. ಉರಿ ತನ್ನ ಹೊತ್ತಿಗೆ ತಪ್ಪದೆ ಬಂದಿತ್ತು. ಪಟೇಲರು ನೇರವಾಗಿ ಮರದ ಪೆಟ್ಟಿಗೆಯ ಬಳಿ ಹೋಗಿ ಬೀಗ ತೆಗೆದು, ಚೀಟಿ ಅಂಟಿದ ತಾಮ್ರದ ಚೆಂಬಿಗೆ ಕೈ ಹಾಕಿದರು.

"ಮುದ್ದೇಮಾಲು" ಎಂದರು ಶೀಲಾವತಿ, ಬಾಗಿಲಿನಿಂದ. "ತೀರ್ಪು ಆಗುವ ತನಕ ಬಿಡುಗಡೆ ಇಲ್ಲ."

"ಡಾಕ್ಟರು ಹೇಳಿಯಾಯ್ತಲ್ಲ."

"ಡಾಕ್ಟರು ಹೇಳಿದ್ದು ನಿಮ್ಮದು. ಕುಕ್ಕಪ್ಪ ಅಣ್ಣನ ಸೊಂಟದ್ದು ಆ ದಿನವೇ ತಿದ್ದಿದಿರಿ. ನಂದು ಮೂರು ವರ್ಷದಿಂದ ಬಾಕಿ ಉಂಟು."

ಪಟೇಲರು ಅತ್ತಿತ್ತ ನೋಡಿದರು. ಜಗಲಿಯಲ್ಲಿ ತೀರ್ಥರಾಮ ಇದ್ದ. ಕುಮುದಿನಿ ದೀಪದ ಗಾಜು ಒರೆಸುತ್ತಿದ್ದಳು. ಅವರು ಗಂಟಲು ಸರಿಮಾಡಿಕೊಂಡು, ಫಿರ್ಯಾದಿ ಹೇಳಿದ್ದು ಸತ್ಯ ಎಂದು ಚೆಂಬಿಗೆ ಕೇಳಿಸುವಷ್ಟು ಮೆಲ್ಲಗೆ ಹೇಳಿದರು.

"ಕುಮುದಿನಿಗೆ ಕೇಳಿಸ್ಲಿಲ್ಲ."

"ಸತ್ಯ ಅಂದೆನಲ್ಲ ಇವಳೇ, ನಿನ್ನ ಉರಿ ಸತ್ಯ, ನಾನು ನೋಡಿದ್ದು ಸರಿ ಇಲ್ಲ" ಎಂದು ಪಟೇಲರು ಮೂರು ಬೇಲಿ ದಾಟಿ ಕೇಳಿಸುವ ಹಾಗೆ ಕೂಗಿದರು.

ಶೀಲಾವತಿ ಬಂದು ಚೆಂಬಿನ ಚೀಟಿ ಕಿತ್ತು, ತೊಳೆದು, ಹೂಜಿಯ ನೀರು ತುಂಬಿಸಿ ತಂದುಕೊಟ್ಟರು. ಪಟೇಲರು ಒಂದು ಗುಟುಕು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಅತ್ತಿತ್ತ ಆಡಿಸಿ ನುಂಗಿದರು. ಇಪ್ಪತ್ತಾರು ದಿನದಲ್ಲಿ ಮೊದಲ ಬಾರಿಗೆ ಅವರ ಮುಖದ ಗಂಟುಗಳು ಸಡಿಲಾದವು.

"ತಂಪಾಯ್ತು ಮಾರಾಯ್ತಿ" ಎಂದರು.

"ಹೌದಾ?" ಎಂದರು ಶೀಲಾವತಿ, ಗೂಡಿನಿಂದ ಟಾರ್ಚು ತೆಗೆಯುತ್ತ. "ಎಲ್ಲಿ, ಗುರುತು ತೋರಿಸಿ."